ನುಡಿ, ಯೂನಿಕೋಡ್, ಜಿಪ್, ಜೆಪೆಗ್: ಕನ್ನಡ ಫೈಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನುಡಿಯಂಥ ಹಳೆಯ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಡಿಟಿಪಿ ಫೈಲ್‌ಗಳಲ್ಲಿರುವ ಕನ್ನಡವನ್ನು ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಟ್ಟ ಜಾಗತಿಕ ಪಟ್ಟಿಗೆ) ತಂದು, ತಿದ್ದಿ, ಕುಗ್ಗಿಸಿ, ಜೋಪಾನವಾಗಿ ಎತ್ತಿಡುವುದು ನನ್ನ ಕೆಲಸ. ಶಾಲೆಯ ಸ್ಮರಣ ಸಂಚಿಕೆ, ದೇವಸ್ಥಾನದ ಲೆಕ್ಕ, ತಾತ ಬರೆದಿಟ್ಟ ವಂಶಾವಳಿ, ಹೀಗೆ ಎಲ್ಲ ತರದ ಫೈಲ್ ಬರುತ್ತವೆ. ತಂದವರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ಅವನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ.

ಎನ್‌ಕೋಡಿಂಗ್, ಕನ್ವರ್ಷನ್, ಕಂಪ್ರೆಷನ್ ಎಲ್ಲ ಒಂದೇ ಅಲ್ವಾ?

ಅಲ್ಲ, ಮೂರೂ ಬೇರೆ ಬೇರೆ ಕೆಲಸ. ಎನ್‌ಕೋಡಿಂಗ್ ಅಂದರೆ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದಿಡುವುದು. ಬರೆಯುವವರ ಹತ್ತಿರವೂ ಓದುವವರ ಹತ್ತಿರವೂ ಒಂದೇ ಪಟ್ಟಿ ಇದ್ದರೆ ಅಕ್ಷರ ಸರಿಯಾಗಿ ಕಾಣುತ್ತದೆ. ಕನ್ವರ್ಷನ್ ಅಂದರೆ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟಿಸುವುದು. ಕಂಪ್ರೆಷನ್ ಅಂದರೆ ಇದ್ದ ವಿಷಯವನ್ನೇ ಕಡಿಮೆ ಜಾಗದಲ್ಲಿ ಹಿಡಿಸುವುದು.

ಯಾವುದನ್ನು ಮಾಡುವ ಮೊದಲೂ ನಾನು ಒಂದೇ ಮಾತು ಕೇಳಿಕೊಳ್ಳುತ್ತೇನೆ: ಇದನ್ನು ವಾಪಸ್ ತರಬಹುದಾ? ಜಿಪ್ ಮಾಡಿದ್ದು ಬಿಚ್ಚಿದರೆ ಇದ್ದ ಹಾಗೇ ಬರುತ್ತದೆ. ಚಿತ್ರವನ್ನು ಜೆಪೆಗ್ ಆಗಿ ಕುಗ್ಗಿಸಿದ್ದು ಬರುವುದಿಲ್ಲ. ಇನ್ನು ಕೆಲವು ತಪ್ಪುಗಳನ್ನು ಅರ್ಧ ಮಾತ್ರ ಸರಿಪಡಿಸಬಹುದು. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

"ಕ" ಅನ್ನೋ ಅಕ್ಷರ ಕಂಪ್ಯೂಟರ್ ಒಳಗೆ ಹೇಗಿರುತ್ತೆ?

ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳಿವೆ. ಅದರಲ್ಲಿ ಕ ಅಕ್ಷರದ್ದು 3221. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಭಾರತದ ಇಸ್ಕಿ ಪಟ್ಟಿಯ ಜೋಡಣೆಯನ್ನೇ ಅನುಸರಿಸಿದ್ದರಿಂದ ನಮ್ಮ ಮುಖ್ಯ ಲಿಪಿಗಳು ಒಂದೇ ಕ್ರಮದಲ್ಲಿ ಕೂತಿವೆ. ತೆಲುಗಿನ ಕ 3093. ಅದಕ್ಕೆ 128 ಕೂಡಿಸಿ, ಕನ್ನಡದ ಕ ಸಿಗುತ್ತದೆ. ತೆಲುಗು ಲಿಪಿಯಲ್ಲಿರುವ ಸಂಸ್ಕೃತ ಶ್ಲೋಕವನ್ನು ಕನ್ನಡ ಲಿಪಿಗೆ ತರುವ ಸಾಫ್ಟ್‌ವೇರ್‌ಗಳ ಅಡಿಪಾಯ ಇಷ್ಟೇ.

ಈ ಸಂಖ್ಯೆಯನ್ನು ಫೈಲ್‌ನಲ್ಲಿ ಬರೆಯುವ ಈಗಿನ ಸಾಮಾನ್ಯ ವಿಧಾನ ಯುಟಿಎಫ್-8. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ್ದು. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ (ಎಂಟು ಬಿಟ್, ಅಂದರೆ 0ರಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುವ ಜಾಗ), ಕನ್ನಡಕ್ಕೆ ಮೂರು. ಕ ಅಂದರೆ 224, 178, 149. ನೆನಪಿಡಿ, ಕನ್ನಡದ ಯಾವ ಅಕ್ಷರವಾದರೂ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಮುಂದೆ ಎರಡು ಮೂರು ಕಡೆ ಇದೇ ನಮ್ಮ ಸಹಾಯಕ್ಕೆ ಬರುತ್ತದೆ.

ಇನ್ನೊಂದು ವಿಷಯ. ನಾವು ಒಂದು ಅಕ್ಷರ ಅಂದುಕೊಳ್ಳುವುದು ಕಂಪ್ಯೂಟರ್‌ಗೆ ಒಂದೇ ಅಲ್ಲ. "ಕನ್ನಡ" ನಮಗೆ ಮೂರು ಅಕ್ಷರ. ಒಳಗೆ ಕ, ನ, ಹಲಂತ (ಒತ್ತಕ್ಷರ ಮಾಡಿಸುವ ಚಿಹ್ನೆ), ನ, ಡ ಎಂದು ಐದು ಸಂಖ್ಯೆ, 15 ಬೈಟ್. "ಸ್ತ್ರೀ" ನಮಗೆ ಒಂದೇ ಅಕ್ಷರ. ಒಳಗೆ ಆರು ಸಂಖ್ಯೆ, 18 ಬೈಟ್. ಆನ್‌ಲೈನ್ ಅರ್ಜಿಯಲ್ಲಿ ಹೆಸರಿನ ಖಾನೆಗೆ 50 ಬೈಟ್ ಎಂದು ಇಟ್ಟಿದ್ದರೆ ಕನ್ನಡದ 16 ಸಂಖ್ಯೆಗಳಷ್ಟೇ ಹಿಡಿಸುತ್ತವೆ, ಹದಿನೇಳನೆಯದು ನಡುವೆಯೇ ಕತ್ತರಿಸಿಹೋಗುತ್ತದೆ. ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಸಾಮಾನ್ಯವಾಗಿ ಕಾರಣ ಇದೇ.

ಹಳೆಯ ನುಡಿ ಫೈಲ್ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಕಸದ ತರ ಕಾಣುತ್ತೆ. ಫೈಲ್ ಹಾಳಾಗಿದೆಯಾ?

ಹಾಳಾಗಿಲ್ಲ. ಅದು ಮೊದಲಿನಿಂದಲೂ ಹಾಗೇ ಇತ್ತು.

ಹಳೆಯ ಫಾಂಟ್‌ಗಳ ಕಾಲದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಅಂದರೆ 256 ಮನೆ, ಅಷ್ಟೇ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಆಗ ಫಾಂಟ್ ಮಾಡಿದವರು ಅಚ್ಚುಮೊಳೆ ಜೋಡಿಸುವವರ ಹಾಗೆ ಯೋಚಿಸಿದರು. ಅಕ್ಷರವನ್ನು ತುಂಡು ಮಾಡಿದರು: ತಲೆಕಟ್ಟಿಲ್ಲದ ಮೈ ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ, ದೀರ್ಘ ಬೇರೆ. ಆ ತುಂಡುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು.

ನುಡಿಯಲ್ಲಿ "ಕನ್ನಡ" ಎಂದು ಬರೆದ ಫೈಲ್ ಒಳಗೆ ನಿಜವಾಗಿ ಇರುವುದು ಇದು: ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ದೊಡ್ಡ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಒಟ್ಟು ಏಳು ಬೈಟ್. ಪಿ ಇದ್ದ ಜಾಗದಲ್ಲಿ ಕ ಅಕ್ಷರದ ಮೈ, ಗೀಟಿನ ಎ ಜಾಗದಲ್ಲಿ ತಲೆಕಟ್ಟು, ಜೋಡಿ ಎಸ್ ಜಾಗದಲ್ಲಿ ನ ಒತ್ತು. ನುಡಿ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಇವೆಲ್ಲ ಸೇರಿ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲದ ಫೋನಿನಲ್ಲಿ ಮೂಲ ರೂಪ ಹಾಗೇ ಕಾಣುತ್ತದೆ.

ಆ ಕಾಲಕ್ಕೆ ಅದು ಒಳ್ಳೆಯ ಉಪಾಯವೇ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಇವೆಲ್ಲ ಇಲ್ಲದಿದ್ದರೆ ಎಷ್ಟೋ ಪುಸ್ತಕಗಳು ಕಂಪ್ಯೂಟರ್‌ಗೆ ಬರುತ್ತಲೇ ಇರಲಿಲ್ಲ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ತುಂಗಾ ಫಾಂಟ್ ಜೊತೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಕೂರಲು ಆಗುತ್ತಿರಲಿಲ್ಲ.

ಪರಿವರ್ತಕ ಹಾಕಿ ಯೂನಿಕೋಡ್ ಮಾಡಿದೆ. ಅಲ್ಲಲ್ಲಿ ತಪ್ಪು ಯಾಕೆ ಉಳಿಯುತ್ತೆ?

ಯಾಕೆಂದರೆ ಇದು ಬರೀ ಅಕ್ಷರ ತೆಗೆದು ಅಕ್ಷರ ಹಾಕುವ ಕೆಲಸ ಅಲ್ಲ. ಹಳೆಯ ಫಾಂಟ್ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುತ್ತದೆ, ಯೂನಿಕೋಡ್ ಬಾಯಲ್ಲಿ ಹೇಳುವ ಕ್ರಮದಲ್ಲಿ ಬರೆಯುತ್ತದೆ.

"ಕರ್ನಾಟಕ" ನೋಡಿ. ಹೇಳುವಾಗ ರ್ ಮೊದಲು, ನಾ ಆಮೇಲೆ. ಬರೆಯುವಾಗ ಅರ್ಕಾವತ್ತು ನಾ ಆದ ಮೇಲೆ ಬರುತ್ತದೆ. ನುಡಿ ಫೈಲ್‌ನಲ್ಲೂ ಅದು ನಾ ಆದ ಮೇಲೇ ಇದೆ. ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಕೊಂಡು ಹೋಗಿ ನ ಅಕ್ಷರಕ್ಕಿಂತ ಮೊದಲು ಕೂರಿಸಬೇಕು. ಎಷ್ಟು ಹಿಂದಕ್ಕೆ? ಆ ಅಕ್ಷರಕ್ಕೆ ಇನ್ನೊಂದು ಒತ್ತು ಇದ್ದರೆ ಅದನ್ನೂ ದಾಟಬೇಕು.

"ಸ್ತ್ರೀ" ಇನ್ನೂ ಚೆನ್ನಾದ ಪರೀಕ್ಷೆ. ನುಡಿಯಲ್ಲಿ ಅದು ಸಿ, ತ ಒತ್ತು, ರ ಒತ್ತು, ದೀರ್ಘ ಎಂದು ನಾಲ್ಕು ತುಂಡು. ಗುಡಿಸು ಮೊದಲನೇ ತುಂಡಿಗೇ ಅಂಟಿಕೊಂಡಿದೆ, ಅದರ ದೀರ್ಘ ಕೊನೆಯಲ್ಲಿದೆ. ಯೂನಿಕೋಡ್‌ಗೆ ಬೇಕಾದದ್ದು ಸ, ಹಲಂತ, ತ, ಹಲಂತ, ರ, ಕೊನೆಗೆ ಒಂದೇ ಒಂದು ದೀರ್ಘದ ಗುಡಿಸು. ಗುಡಿಸನ್ನು ಬಿಡಿಸಿ, ಎರಡು ಒತ್ತು ದಾಟಿಸಿ, ದೀರ್ಘದ ಜೊತೆ ಬೆಸೆಯಬೇಕು. ಹೊಸ ಪರಿವರ್ತಕ ಸಿಕ್ಕಿದರೆ ನಾನು ಮೊದಲು ಹಾಕಿ ನೋಡುವುದು ಕರ್ನಾಟಕ, ಸ್ತ್ರೀ, ರಾಷ್ಟ್ರ, ಕೈಂಕರ್ಯ ಈ ನಾಲ್ಕು ಪದ. ಇವು ಸರಿ ಬಂದರೆ ಮುಂದಕ್ಕೆ ಹೋಗುತ್ತೇನೆ.

ಇನ್ನೊಂದು ದೊಡ್ಡ ತೊಂದರೆ ನಡುನಡುವೆ ಬರುವ ಇಂಗ್ಲಿಷ್. ಒಂದು ಶಾಲೆಯ ಸ್ಮರಣ ಸಂಚಿಕೆಯ ಫೈಲ್ ನನ್ನ ಕೈಗೆ ಬಂದಿತ್ತು. ದಾನಿಗಳ ಪಟ್ಟಿಯಲ್ಲಿ ಹೆಸರು ಕನ್ನಡದಲ್ಲಿ, ಇನಿಷಿಯಲ್ ಮತ್ತು ಪದವಿ ಇಂಗ್ಲಿಷ್‌ನಲ್ಲಿ. ನಾನು ಇಡೀ ಪಠ್ಯವನ್ನು ಒಟ್ಟಿಗೆ ಪರಿವರ್ತಕಕ್ಕೆ ಹಾಕಿಬಿಟ್ಟೆ. ಅದಕ್ಕೆ ಪಿ ಅಂದರೆ ಕ ಅಕ್ಷರದ ಮೈ ಅಷ್ಟೇ ಗೊತ್ತು. ಇನಿಷಿಯಲ್‌ಗಳೆಲ್ಲ ಅರ್ಥವಿಲ್ಲದ ಕನ್ನಡ ತುಂಡುಗಳಾದವು. ಎರಡು ದಿನ ಕೂತು ಅಚ್ಚಾದ ಪ್ರತಿ ಪಕ್ಕದಲ್ಲಿಟ್ಟುಕೊಂಡು ತಿದ್ದಿದೆ. ಅಂದಿನಿಂದ ಪಠ್ಯವನ್ನು ನಕಲು ಮಾಡಿ ಹಾಕುವುದಿಲ್ಲ. ವರ್ಡ್ ಫೈಲ್‌ನ್ನೇ ಓದಿ, ಯಾವ ಪದಕ್ಕೆ ಯಾವ ಫಾಂಟ್ ಇದೆ ಎಂದು ನೋಡಿ, ನುಡಿ ಫಾಂಟ್ ಇರುವ ತುಂಡನ್ನು ಮಾತ್ರ ಬದಲಿಸುವ ಪರಿವರ್ತಕವನ್ನೇ ಬಳಸುತ್ತೇನೆ. ನೀವೂ ಹಾಗೇ ಮಾಡಿ.

ನುಡಿ ಮತ್ತು ಹಳೆಯ ಬರಹದ ಪಟ್ಟಿ ಹೆಚ್ಚು ಕಡಿಮೆ ಒಂದೇ. ಶ್ರೀಲಿಪಿ ಎಂಬ ಇನ್ನೊಂದು ಸಾಫ್ಟ್‌ವೇರ್‌ನದು ಬೇರೆ. ಒಂದರ ಪರಿವರ್ತಕ ಇನ್ನೊಂದಕ್ಕೆ ನಡೆಯುವುದಿಲ್ಲ.

ಯೂನಿಕೋಡ್ ಫೈಲೇ. ಆದರೂ ಒಂದು ಕಡೆ ಚೌಕ, ಒಂದು ಕಡೆ ವಿಚಿತ್ರ ಅಕ್ಷರ, ಒಂದು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ. ಯಾವುದು ಸರಿಹೋಗುತ್ತೆ?

ಚೌಕ ಕಂಡರೆ ಗಾಬರಿ ಬೇಡ. ಸಂಖ್ಯೆ ಸರಿಯಿದೆ, ತೋರಿಸಲು ಫಾಂಟ್ ಇಲ್ಲ. ಕನ್ನಡ ಫಾಂಟ್ ಹಾಕಿದರೆ ಆಯಿತು.

ತಲೆ ಮೇಲೆ ಗೀಟಿರುವ ಸಣ್ಣ ಎ, ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3, ಹೀಗೆ ಉದ್ದಕ್ಕೂ ಕಂಡರೆ ಅದು ತಪ್ಪು ಪಟ್ಟಿಯಿಂದ ಓದಿದ ಯುಟಿಎಫ್-8 ಕನ್ನಡ. ಮೇಲೆ ಹೇಳಿದ 224, 178, 179 ನೆನಪಿದೆ ಅಲ್ವಾ? ವಿಂಡೋಸ್‌ನ ಪಶ್ಚಿಮ ಯೂರೋಪ್ ಪಟ್ಟಿಯಲ್ಲಿ 224 ಅಂದರೆ ಆ ಗೀಟಿನ ಎ, 178 ಅಂದರೆ ಪುಟ್ಟ 2, 179 ಅಂದರೆ ಪುಟ್ಟ 3. ಫೈಲ್ ತೆರೆಯುವಾಗ ಯುಟಿಎಫ್-8 ಎಂದು ಆರಿಸಿದರೆ ಕನ್ನಡ ವಾಪಸ್ ಬರುತ್ತದೆ.

ಆದರೆ ಆ ಸ್ಥಿತಿಯಲ್ಲಿ ಸೇವ್ ಮಾತ್ರ ಮಾಡಬೇಡಿ. ಕೊಂಬು, ಅಂದರೆ ಉಕಾರದ ಚಿಹ್ನೆಯ ಕೊನೆಯ ಬೈಟ್ 129. ಹಲಂತದ್ದು 141. ಆ ಪಟ್ಟಿಯಲ್ಲಿ ಈ ಎರಡೂ ಮನೆಗಳು ಖಾಲಿ. ಕೆಲವು ಸಾಫ್ಟ್‌ವೇರ್ ಖಾಲಿ ಮನೆಯ ಬೈಟನ್ನು ಹಾಗೇ ಉಳಿಸುತ್ತವೆ, ಕೆಲವು ಎಸೆಯುತ್ತವೆ. ಎಸೆದರೆ ಆಮೇಲೆ ಎಷ್ಟು ಸರಿ ಮಾಡಿದರೂ ಕೊಂಬುಗಳೂ ಒತ್ತಕ್ಷರಗಳೂ ಬರುವುದಿಲ್ಲ. ಅರ್ಧ ಮಾತ್ರ ಸರಿಹೋಗುವ ತಪ್ಪು ಅಂದೆನಲ್ಲ, ಅದು ಇದೇ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಕೈಚೆಲ್ಲಬೇಕಾಗುತ್ತದೆ. ಕನ್ನಡ ಇಲ್ಲದ ಪಟ್ಟಿಯಲ್ಲಿ ಸೇವ್ ಮಾಡಿದಾಗ ಪ್ರತಿ ಅಕ್ಷರದ ಜಾಗದಲ್ಲೂ 63 ಎಂಬ ಒಂದೇ ಸಂಖ್ಯೆ ಬಂದು ಕೂರುತ್ತದೆ. ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ಊರಿನ ಚರಿತ್ರೆ ಬರೆದು, ಸಾದಾ ಪಠ್ಯದ ಫೈಲಾಗಿ ಸೇವ್ ಮಾಡಿ, ಮೂಲವನ್ನು ಅಳಿಸಿದ್ದರು. ತೆರೆದಾಗ ಪುಟಗಟ್ಟಲೆ ಅದೇ ಚಿಹ್ನೆ. ಖಾಲಿ ಜಾಗಗಳೂ ಪೂರ್ಣವಿರಾಮಗಳೂ ಸರಿಯಾಗಿದ್ದವು. ಪದ ಎಲ್ಲಿ ಶುರು, ಎಲ್ಲಿ ಮುಗಿತು ಎಂದು ಕಾಣುತ್ತಿತ್ತು, ಪದ ಮಾತ್ರ ಇರಲಿಲ್ಲ. ಅವರ ಕೈಬರಹದ ಟಿಪ್ಪಣಿ ಪುಸ್ತಕ ಇದ್ದದ್ದರಿಂದ ಮತ್ತೆ ಟೈಪ್ ಮಾಡಿಸಿದೆವು.

ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಖಾನೆ ಬೇರ್ಪಡಿಸಿದ ಸಾದಾ ಪಠ್ಯ) ತೆರೆದರೆ ಮಾತ್ರ ವಿಚಿತ್ರ ಅಕ್ಷರ ಬರುತ್ತೆ.

ಸೇವ್ ಮಾಡುವಾಗ "ಸಿಎಸ್‌ವಿ ಯುಟಿಎಫ್-8" ಆಯ್ಕೆ ಹಾಕಿ. ಆಗ ಫೈಲ್‌ನ ತಲೆಯಲ್ಲಿ 239, 187, 191 ಎಂಬ ಮೂರು ಬೈಟ್ ಗುರುತು ಸೇರುತ್ತದೆ. ಎಕ್ಸೆಲ್ ಅದನ್ನು ನೋಡಿ ಯುಟಿಎಫ್-8 ಎಂದು ತಿಳಿದುಕೊಳ್ಳುತ್ತದೆ.

ನುಡಿಯಲ್ಲಿ 7 ಬೈಟ್ ಇದ್ದದ್ದು ಯೂನಿಕೋಡ್‌ನಲ್ಲಿ 15 ಆಗುತ್ತೆ. ಜಾಗ ಜಾಸ್ತಿ ಬೇಕಲ್ವಾ?

ಬೇಕು. ಆದರೆ ಚಿಂತೆ ಪಡುವಷ್ಟಲ್ಲ. 300 ಪುಟದ ಪುಸ್ತಕ, ಪುಟಕ್ಕೆ 1500 ಸಂಖ್ಯೆ ಎಂದು ಹಿಡಿಯಿರಿ. 4,50,000 ಸಂಖ್ಯೆ, ಮೂರು ಪಟ್ಟು ಮಾಡಿದರೆ 13.5 ಲಕ್ಷ ಬೈಟ್. ಹೆಚ್ಚು ಕಡಿಮೆ ಒಂದೂ ಕಾಲು ಎಂಬಿ. ಈಗಿನ ಫೋನಿನ ಒಂದು ಫೋಟೊ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಜಿಪ್ ಮಾಡಿದರೆ ನುಡಿ ಫೈಲ್‌ಗೂ ಯೂನಿಕೋಡ್ ಫೈಲ್‌ಗೂ ನಡುವಿನ ಅಂತರ ಬಹಳ ಕಡಿಮೆಯಾಗುತ್ತದೆ.

ಹೇಗೆ ಎಂದು ತೋರಿಸುತ್ತೇನೆ. ಕ್ರಯಪತ್ರದ ಚಕ್ಕುಬಂದಿಯ ಸಾಲು ತೆಗೆದುಕೊಳ್ಳೋಣ:

ಸದರಿ ಜಮೀನಿನ ಪೂರ್ವಕ್ಕೆ ರಸ್ತೆ, ಸದರಿ ಜಮೀನಿನ ಪಶ್ಚಿಮಕ್ಕೆ ಹಳ್ಳ

ಎರಡನೇ ಸಲ "ಸದರಿ ಜಮೀನಿನ" ಬಂದಾಗ ಅದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. "77 ಬೈಟ್ ಹಿಂದೆ ಹೋಗು, ಅಲ್ಲಿಂದ ಇಷ್ಟು ಬೈಟ್ ತಗೋ" ಎಂದರೆ ಸಾಕು. ಎಷ್ಟು? "ಸದರಿ ಜಮೀನಿನ" ಮತ್ತು ಅದರ ಮುಂದಿನ ಖಾಲಿ ಜಾಗ ಸೇರಿ 32 ಬೈಟ್. ಪೂರ್ವ, ಪಶ್ಚಿಮ ಎರಡೂ ಪ ಅಕ್ಷರದಿಂದ ಶುರುವಾಗುವುದರಿಂದ ಇನ್ನೂ ಮೂರು. ಅದರ ಮುಂದಿನ ಬೈಟ್ ಎರಡು ಕಡೆಯೂ 224, ಅದೊಂದು. ಒಟ್ಟು 36 ಬೈಟ್ ಒಂದೇ ಸೂಚನೆಯಲ್ಲಿ ಮುಗಿಯುತ್ತದೆ. ಹೀಗೆ ಹಿಂದೆ ಬಂದದ್ದನ್ನು ತೋರಿಸಿ ಕುಗ್ಗಿಸುವ ವಿಧಾನವನ್ನು ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ 1977ರಲ್ಲಿ ಪ್ರಕಟಿಸಿದರು. ಅದಕ್ಕೇ ಎಲ್‌ಝಡ್77 ಎಂಬ ಹೆಸರು.

ಉಳಿದದ್ದನ್ನು ಹಫ್‌ಮನ್ ವಿಧಾನ ನೋಡಿಕೊಳ್ಳುತ್ತದೆ. ಡೇವಿಡ್ ಹಫ್‌ಮನ್ ವಿದ್ಯಾರ್ಥಿಯಾಗಿದ್ದಾಗ ತರಗತಿಯ ಕೆಲಸವಾಗಿ ಕಂಡುಹಿಡಿದು 1952ರಲ್ಲಿ ಪ್ರಕಟಿಸಿದ್ದು. ಜಾಸ್ತಿ ಸಲ ಬರುವ ಬೈಟ್‌ಗೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದ ಗುರುತು. ಕನ್ನಡ ಫೈಲ್‌ನಲ್ಲಿ 224 ಮೂರು ಬೈಟ್‌ಗೊಮ್ಮೆ ಬರುತ್ತದೆ, ಅದಕ್ಕೆ ತೀರಾ ಚಿಕ್ಕ ಗುರುತು ಸಿಗುತ್ತದೆ. ಯೂನಿಕೋಡ್‌ನಿಂದ ಹೆಚ್ಚಾದ ತೂಕದ ಬಹುಪಾಲು ಇಲ್ಲೇ ಇಳಿದುಹೋಗುತ್ತದೆ. ಈ ಎರಡೂ ಸೇರಿದ್ದೇ ಡಿಫ್ಲೇಟ್, ಜಿಪ್ ಒಳಗಿರುವ ಯಂತ್ರ.

ಜಿಪ್, 7-ಜಿಪ್, ಝಡ್‌ಸ್ಟ್ಯಾಂಡರ್ಡ್: ಕನ್ನಡ ಪಠ್ಯಕ್ಕೆ ಯಾವುದು ಒಳ್ಳೆಯದು?

ಯಾರಿಗಾದರೂ ಕಳಿಸುವುದಾದರೆ ಜಿಪ್. 1989ರಲ್ಲಿ ಫಿಲ್ ಕಾಟ್ಸ್ ತಂದದ್ದು, ಇವತ್ತು ಯಾವ ಕಂಪ್ಯೂಟರ್‌ನಲ್ಲೂ ಬಿಚ್ಚುತ್ತದೆ.

ದೊಡ್ಡ ಸಂಗ್ರಹ ಎತ್ತಿಡುವುದಾದರೆ 7-ಜಿಪ್. ಕಾರಣ ಇದೆ. ಡಿಫ್ಲೇಟ್ 32 ಕೆಬಿಯಷ್ಟು ಮಾತ್ರ ಹಿಂದಕ್ಕೆ ನೋಡುತ್ತದೆ. ಇಂಗ್ಲಿಷ್‌ನಲ್ಲಿ ಅದು 32 ಸಾವಿರಕ್ಕೂ ಹೆಚ್ಚು ಅಕ್ಷರ. ಕನ್ನಡದಲ್ಲಿ ಅಕ್ಷರಕ್ಕೆ ಮೂರು ಬೈಟ್ ಆದ್ದರಿಂದ ಸುಮಾರು 11 ಸಾವಿರ, ಅಂದರೆ ಏಳೆಂಟು ಪುಟ. ಹತ್ತು ಪುಟದ ಹಿಂದೆ ಬಂದ ಊರಿನ ಹೆಸರು ಅದಕ್ಕೆ ಮರೆತೇಹೋಗಿರುತ್ತದೆ. 7-ಜಿಪ್ ಎಂಬಿಗಟ್ಟಲೆ ಹಿಂದಕ್ಕೆ ನೋಡುತ್ತದೆ, ಇಡೀ ಪುಸ್ತಕ ಅದರ ನೆನಪಿನಲ್ಲಿರುತ್ತದೆ. 2016ರಲ್ಲಿ ಬಂದ ಝಡ್‌ಸ್ಟ್ಯಾಂಡರ್ಡ್ ಕೂಡ ಹೀಗೆ ದೂರ ನೋಡಬಲ್ಲದು, ತುಂಬ ವೇಗ. ದಿನವೂ ಬ್ಯಾಕಪ್ ಮಾಡುವವರಿಗೆ ಅದು ಸೂಕ್ತ.

ಬಿಜಿಪ್2 ಬಗ್ಗೆಯೂ ಕೇಳುತ್ತಾರೆ. ಅದರ ಒಳಗೆ 1994ರಲ್ಲಿ ಬರೋಸ್ ಮತ್ತು ವೀಲರ್ ಪ್ರಕಟಿಸಿದ ಒಂದು ರೂಪಾಂತರ ಇದೆ. ಅದು ಒಂದು ಬೈಟನ್ನೂ ಕಡಿಮೆ ಮಾಡುವುದಿಲ್ಲ. ಬೈಟ್‌ಗಳ ಜಾಗ ಬದಲಿಸಿ ಒಂದೇ ತರದವು ಅಕ್ಕಪಕ್ಕ ಬರುವ ಹಾಗೆ ಮಾಡುತ್ತದೆ, ಆಮೇಲೆ ಪೂರ್ತಿ ವಾಪಸ್ ಜೋಡಿಸಲೂ ಬರುತ್ತದೆ. ನನಗೆ ಈ ಕ್ಷೇತ್ರದಲ್ಲಿ ತುಂಬ ಇಷ್ಟವಾದ ಯೋಚನೆಗಳಲ್ಲಿ ಇದೂ ಒಂದು.

ಜಿಪ್ ಮಾಡಿದ್ದನ್ನೇ ಮತ್ತೆ ಜಿಪ್ ಮಾಡಿದರೆ ಇನ್ನೂ ಸಣ್ಣದಾಗುತ್ತಾ?

ಇಲ್ಲ. ಸಿಕ್ಕ ಮರುಕಳಿಕೆಯೆಲ್ಲ ಮೊದಲ ಸಲವೇ ತೆಗೆದಾಗಿದೆ. ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಆಗುತ್ತದೆ. ವರ್ಡ್‌ನ ಡಾಕ್ಸ್, ಈಗಿನ ಎಕ್ಸೆಲ್, ಇ-ಪುಸ್ತಕದ ಇಪಬ್ ಫೈಲ್‌ಗಳೂ ಒಳಗೆ ಜಿಪ್ಪೇ. ನಂಬಿಕೆ ಬರದಿದ್ದರೆ ಒಂದು ಡಾಕ್ಸ್ ಫೈಲ್‌ನ ನಕಲಿಗೆ ಜಿಪ್ ಎಂದು ಹೆಸರು ಬದಲಿಸಿ ತೆರೆದು ನೋಡಿ. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡುವುದಿದ್ದರೆ ಮೊದಲು ಕುಗ್ಗಿಸಿ, ಆಮೇಲೆ ಎನ್‌ಕ್ರಿಪ್ಟ್ ಮಾಡಿ. ಎನ್‌ಕ್ರಿಪ್ಟ್ ಆದದ್ದರಲ್ಲಿ ಮರುಕಳಿಕೆ ಉಳಿದಿರುವುದಿಲ್ಲ.

ಜಿಪ್ ಬಿಚ್ಚಿದರೆ ಫೈಲ್‌ಗಳ ಕನ್ನಡ ಹೆಸರು ಕೆಟ್ಟಿರುತ್ತೆ. ಒಳಗಿನದೂ ಕೆಟ್ಟಿದೆಯಾ?

ಒಳಗಿನದು ಸರಿಯಾಗೇ ಇರುತ್ತದೆ. ಬಿಚ್ಚುವಾಗ ಸಿಆರ್‌ಸಿ ಎಂಬ ತಾಳೆ ನೋಡುತ್ತದೆ, ಒಂದು ಬಿಟ್ ಬದಲಾದರೂ ದೂರುತ್ತದೆ. ಹೆಸರಿನ ಕಥೆ ಬೇರೆ. ಜಿಪ್‌ನಲ್ಲಿ "ಈ ಹೆಸರು ಯುಟಿಎಫ್-8ರಲ್ಲಿದೆ" ಎಂದು ಹೇಳುವ ಗುರುತು ಸೇರಿದ್ದು 2006ರಲ್ಲಿ. ಹಳೆಯ ಸಾಫ್ಟ್‌ವೇರ್ ಅದನ್ನು ಹಾಕುವುದೂ ಇಲ್ಲ, ನೋಡುವುದೂ ಇಲ್ಲ.

ಕನ್ನಡ ವಿಕಿಪೀಡಿಯದ ಲಿಂಕ್ ಕಳಿಸಿದರೆ ಶೇಕಡಾ ಗುರುತುಗಳ ಸರಮಾಲೆ ಬರುತ್ತೆ. ಇದೇನು?

ಲಿಂಕ್‌ಗಳಲ್ಲಿ ಕೆಲವೇ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಜಾಗ. ಉಳಿದ ಒಂದೊಂದು ಬೈಟನ್ನೂ ಶೇಕಡಾ ಗುರುತು ಮತ್ತು ಎರಡು ಚಿಹ್ನೆಯಾಗಿ ಬರೆಯುತ್ತಾರೆ. ಹಾಗಾಗಿ "ಕನ್ನಡ" ಎಂಬ ಪದ ಲಿಂಕ್‌ನಲ್ಲಿ 45 ಚಿಹ್ನೆ ಆಗುತ್ತದೆ. ಬ್ರೌಸರ್ ಅದನ್ನು ನಮಗೆ ಕನ್ನಡದಲ್ಲೇ ತೋರಿಸುತ್ತದೆ, ನಕಲು ಮಾಡಿದಾಗ ಮಾತ್ರ ಒಳರೂಪ ಹೊರಬರುತ್ತದೆ.

ಇಮೇಲ್‌ನಲ್ಲಿ ಇದೇ ಕೆಲಸಕ್ಕೆ ಬೇಸ್64 ಇದೆ. ಮೂರು ಬೈಟ್ ತೆಗೆದುಕೊಂಡು ನಾಲ್ಕು ಸಾದಾ ಚಿಹ್ನೆಯಾಗಿ ಬರೆಯುತ್ತದೆ. "ಕನ್ನಡ" 20 ಚಿಹ್ನೆ. ನೀವು ಲಗತ್ತಿಸಿದ ಫೈಲ್ ಹೀಗೆ ಮೂರನೇ ಒಂದು ಪಾಲು ಉಬ್ಬುತ್ತದೆ. ಒಟ್ಟು ಮಿತಿ 25 ಎಂಬಿ ಇರುವ ಕಡೆ 20 ಎಂಬಿ ಫೈಲ್ ಹೋಗದೆ ಇರುವುದು ಅದಕ್ಕೇ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇಸ್64 ಬೀಗ ಅಲ್ಲ. ಯಾರು ಬೇಕಾದರೂ ಒಂದು ಕ್ಷಣದಲ್ಲಿ ಬಿಚ್ಚಬಹುದು. ದಯವಿಟ್ಟು ಅದರಲ್ಲಿ ಪಾಸ್‌ವರ್ಡ್ ಬಚ್ಚಿಡಬೇಡಿ.

ಕನ್ನಡ ಎಸ್ಎಂಎಸ್ 70 ಅಕ್ಷರಕ್ಕೇ ಯಾಕೆ ಮುಗಿಯುತ್ತೆ?

ಒಂದು ಎಸ್ಎಂಎಸ್‌ನಲ್ಲಿ 140 ಬೈಟ್ ಜಾಗ. ಇಂಗ್ಲಿಷ್‌ಗೆ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಸುತ್ತವೆ. ಕನ್ನಡಕ್ಕೆ ತಲಾ ಎರಡು ಬೈಟ್, ಹಾಗಾಗಿ 70. ಅದರಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಲೆಕ್ಕಕ್ಕೆ ಬರುತ್ತವೆ. ಒಂದು "ಸ್ತ್ರೀ" ಬರೆದರೆ 70ರಲ್ಲಿ 6 ಹೋಯಿತು. ಕನ್ನಡಕ್ಕೂ 7 ಬಿಟ್‌ನ ಪಟ್ಟಿಯೊಂದು ಮೊಬೈಲ್ ಮಾನದಂಡದಲ್ಲಿದೆ, ಎರಡು ಕಡೆಯ ಫೋನ್‌ಗಳೂ ಅದನ್ನು ಅರಿತಿರಬೇಕು.

ಪದ ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ.

ಎರಡು ಕಾರಣ ಇರಬಹುದು. ಒಂದು, ಕಾಣದ ಅಕ್ಷರ. "ಸಾಫ್ಟ್‌ವೇರ್" ಬರೆಯುವಾಗ ವ ಒತ್ತಾಗದಿರಲಿ ಎಂದು ನಡುವೆ 8204 ಎಂಬ ಸಂಖ್ಯೆ ಹಾಕುತ್ತೇವೆ. ಅದು ಕಾಣುವುದಿಲ್ಲ, ಆದರೆ ಇದೆ. ಅದಿಲ್ಲದೆ ಟೈಪ್ ಮಾಡಿ ಹುಡುಕಿದರೆ ಕಂಪ್ಯೂಟರ್‌ಗೆ ಅದು ಬೇರೆ ಪದ.

ಎರಡನೆಯದು ಪರಿವರ್ತಕಗಳ ಉಳಿಕೆ. "ತೋಟ" ಪದದ ತೋ ಅಕ್ಷರದಲ್ಲಿ ಓಕಾರವನ್ನು ಒಂದೇ ಸಂಖ್ಯೆಯಾಗಿ ಬರೆಯಬಹುದು, ಅಥವಾ ಏತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಹಳೆಯ ಫಾಂಟ್‌ನಲ್ಲಿ ದೀರ್ಘ ಬೇರೆ ತುಂಡಾಗಿತ್ತಲ್ಲ, ಅದನ್ನು ಬೆಸೆಯದೆ ಬಿಟ್ಟ ಪರಿವರ್ತಕದಿಂದ ಹೀಗಾಗುತ್ತದೆ. ಮದ್ದು ಸುಲಭ. ಪಠ್ಯವನ್ನು ಎನ್‌ಎಫ್‌ಸಿ ಎಂಬ ನಾರ್ಮಲೈಸೇಷನ್‌ಗೆ ಒಳಪಡಿಸಿ, ಅದು ಇಂಥ ತುಂಡುಗಳನ್ನು ಬೆಸೆದು ಒಂದೇ ರೂಪಕ್ಕೆ ತರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲಿನ ಕೆಲಸ. ಪರಿವರ್ತನೆ ಮುಗಿದ ಕೂಡಲೇ ನಾನು ತಪ್ಪದೆ ಮಾಡುತ್ತೇನೆ.

ಹಳಗನ್ನಡದ ೞ, ಱ ಇವೆಯಾ?

ಇವೆ. ಎರಡಕ್ಕೂ ಯೂನಿಕೋಡ್‌ನಲ್ಲಿ ಮನೆ ಇದೆ. ೞ ಅಕ್ಷರದ ಇಂಗ್ಲಿಷ್ ಹೆಸರನ್ನು ಮಾತ್ರ ತಪ್ಪಾಗಿ "ಫ" ಎಂದು ನಮೂದಿಸಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ, ಹಾಗಾಗಿ ಅದು ಹಾಗೇ ಉಳಿದಿದೆ. ಅಕ್ಷರ ಸರಿಯಿದೆ, ಧೈರ್ಯವಾಗಿ ಬಳಸಿ.

ಹಳೆಯ ಪುಸ್ತಕದ ಪುಟಗಳನ್ನು ಜೆಪೆಗ್‌ನಲ್ಲಿ ಇಡಬಹುದಾ?

ಫೋಟೊಗೆ ಜೆಪೆಗ್ ಸರಿ. ಅಕ್ಷರ ತುಂಬಿದ ಪುಟಕ್ಕೆ ಬೇಡ. ಯಾಕೆ ಎಂದು ತಿಳಿಯಲು ಅದರ ಒಳಗೆ ಸ್ವಲ್ಪ ಇಣುಕಬೇಕು.

ಜೆಪೆಗ್‌ನ ಹೃದಯದಲ್ಲಿರುವುದು ಡಿಸಿಟಿ ಎಂಬ ಗಣಿತ. ಅದನ್ನು ಯೋಚಿಸಿದ ನಾಸಿರ್ ಅಹಮದ್ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಯುವಿಸಿಇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ಆಮೇಲೆ ಅಮೆರಿಕಕ್ಕೆ ಹೋಗಿ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1972ರಲ್ಲಿ ಈ ಕೆಲಸಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಅನುದಾನ ಕೇಳಿದರು, ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಕಟಿಸಿದರು. 1992ರಲ್ಲಿ ಅದು ಜೆಪೆಗ್ ಮಾನದಂಡದ ಅಡಿಪಾಯವಾಯಿತು. ನಮ್ಮ ಫೋನ್‌ಗಳ ಫೋಟೊ, ವಿಡಿಯೊಗಳಲ್ಲಿ ಈ ಗಣಿತ ದಿನವೂ ಓಡುತ್ತಿದೆ. ಬೆಂಗಳೂರಿನ ಶಾಲೆಗಳಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಕೇಳಿಬರಬೇಕು ಎಂಬುದು ನನ್ನ ಆಸೆ.

ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಚುಕ್ಕಿ. ಡಿಸಿಟಿ ಆ 64 ಚುಕ್ಕಿಗಳನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಚೌಕದ ಸರಾಸರಿ ಬೆಳಕು. ಮುಂದಿನವು ನಿಧಾನ ಬದಲಾವಣೆ, ಇನ್ನೂ ಮುಂದಿನವು ತೀರಾ ಸೂಕ್ಷ್ಮ ಬದಲಾವಣೆ. ಇಷ್ಟರವರೆಗೆ ನಷ್ಟ ಏನೂ ಇಲ್ಲ ಎನ್ನಬಹುದು. ಆಮೇಲೆ ಕಣ್ಣಿಗೆ ಗೊತ್ತಾಗದ ಸೂಕ್ಷ್ಮ ಸಂಖ್ಯೆಗಳನ್ನು ಭಾಗಿಸಿ, ದುಂಡು ಮಾಡಿ, ಸೊನ್ನೆ ಮಾಡುತ್ತಾರೆ. ಕಳೆದುಹೋಗುವುದು ಆ ಹೆಜ್ಜೆಯಲ್ಲಿ.

ಮುಖ, ಆಕಾಶ, ಗದ್ದೆ ಇವುಗಳಲ್ಲಿ ಅದು ಗೊತ್ತಾಗುವುದಿಲ್ಲ. ಅಚ್ಚಕ್ಷರದ ಅಂಚು ಮಾತ್ರ ಪೂರ್ತಿ ಸೂಕ್ಷ್ಮ ಬದಲಾವಣೆಯೇ. ಧ, ಫ ಅಕ್ಷರಗಳ ಕೆಳಗಿನ ಮಹಾಪ್ರಾಣದ ಸೀಳು, ಥ ಹೊಟ್ಟೆಯ ಚುಕ್ಕೆ, ರ ಅಕ್ಷರವನ್ನು ಠ ಮಾಡುವ ಚುಕ್ಕೆ, ಮೊದಲು ಕರಗುವುದು ಇವೇ. ಧನ ಹೋಗಿ ದನ ಆಗುತ್ತದೆ. ಪುಟಗಳನ್ನು ಪಿಎನ್‌ಜಿ ಅಥವಾ ನಷ್ಟವಿಲ್ಲದ ಟಿಫ್‌ನಲ್ಲಿ ಇಡಿ. ಪಿಎನ್‌ಜಿ ಒಳಗೂ ಅದೇ ಡಿಫ್ಲೇಟ್ ಇದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಆಗ ಇದ್ದ ಹಾಗೇ ಹೋಗುತ್ತದೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಸ್ವಚ್ಛವಾಗಿ ಕಾಣುತ್ತಿದೆ. ನಂಬಬಹುದಾ?

ಮಸುಕಾಗಿದ್ದರೆ ಅನುಮಾನವಾದರೂ ಬರುತ್ತದೆ. ಸ್ವಚ್ಛವಾಗಿ ತಪ್ಪಿದ್ದರೆ ಬರುವುದಿಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸಲ್ ಒಂದು ವಿಷಯ ಬಯಲಿಗೆ ತಂದರು. ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದ ಕಡೆ 8 ಹಾಕುತ್ತಿದ್ದವು. ಕಟ್ಟಡದ ನಕ್ಷೆಯಲ್ಲಿ ಕೋಣೆಯ ಅಳತೆಯೇ ಬದಲಾಗಿತ್ತು. ಕಾರಣ ಜೆಬಿಗ್2 ಎಂಬ ಕುಗ್ಗಿಸುವ ವಿಧಾನದ ಬಳಕೆ. ಅದು ಒಂದೇ ತರ ಕಾಣುವ ಆಕಾರಗಳನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ಉಳಿದ ಕಡೆ ಅದನ್ನೇ ಅಂಟಿಸುತ್ತದೆ. ಹೋಲಿಕೆಯ ಮಿತಿ ಸಡಿಲವಾದರೆ ಬೇರೆ ಅಕ್ಷರವೇ ಬಂದು ಕೂರುತ್ತದೆ.

ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ಎಷ್ಟು ಹತ್ತಿರ ಅಲ್ವಾ? ದಾಖಲೆ ಸ್ಕ್ಯಾನ್ ಮಾಡುವಾಗ ನಷ್ಟವಿಲ್ಲದ ಆಯ್ಕೆಯನ್ನೇ ಹಾಕಿ.

ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ.

ಪಿಡಿಎಫ್ ಮುಖ್ಯವಾಗಿ ಇಟ್ಟುಕೊಳ್ಳುವುದು ಆಕಾರ ಮತ್ತು ಅದರ ಜಾಗ. ಯಾವ ಆಕಾರ ಯಾವ ಅಕ್ಷರ ಎಂಬ ಪಟ್ಟಿ ಸರಿಯಾಗಿ ಸೇರಿಸದಿದ್ದರೆ ನಕಲು ಕೆಡುತ್ತದೆ. ನುಡಿಯಿಂದ ಮಾಡಿದ ಪಿಡಿಎಫ್ ಆದರೆ ನಕಲು ಮಾಡಿದ್ದನ್ನು ನುಡಿ ಪರಿವರ್ತಕಕ್ಕೆ ಹಾಕಿ ನೋಡಿ, ಎಷ್ಟೋ ಸಲ ಸರಿಬರುತ್ತದೆ. ಬರದಿದ್ದರೆ ಪುಟವನ್ನು ಚಿತ್ರ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ಎಂಬ ಓಸಿಆರ್ ಸಾಫ್ಟ್‌ವೇರ್‌ಗೆ ಕೊಡಿ. ಅದಕ್ಕೆ ಕನ್ನಡ ಬರುತ್ತದೆ, ಕರಡು ತಿದ್ದುವುದು ಮಾತ್ರ ತಪ್ಪುವುದಿಲ್ಲ.

ಎಲ್ಲ ಯೂನಿಕೋಡ್‌ಗೆ ಬಂತು. ಹಳೆಯ ನುಡಿ ಫೈಲ್ ಅಳಿಸಬಹುದಾ?

ಬೇಡ. ಪರಿವರ್ತನೆಯ ತಪ್ಪು ಕೆಲವೊಮ್ಮೆ ವರ್ಷಗಳ ಮೇಲೆ ಕಣ್ಣಿಗೆ ಬೀಳುತ್ತದೆ. ನಾನು ಮಾಡಿದ ಒಂದು ವಂಶಾವಳಿಯಲ್ಲಿ ಅರ್ಕಾವತ್ತು ಒಂದು ಅಕ್ಷರ ಆಚೆ ಕೂತು, ಒಬ್ಬ ಅಜ್ಜಿಯ ಹೆಸರು ತಪ್ಪಾಗಿತ್ತು. ಅವರ ಮೊಮ್ಮಗಳು ನೋಡಿ ಹೇಳುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಮೂಲ ಫೈಲ್ ಇದ್ದದ್ದರಿಂದ ಹತ್ತು ನಿಮಿಷದಲ್ಲಿ ಸರಿ ಮಾಡಿದೆ, ಅದೇ ತರದ ಇನ್ನೂ ಮೂರು ತಪ್ಪು ಸಿಕ್ಕವು.

ಈಗ ಪ್ರತಿ ಕೆಲಸಕ್ಕೂ ಒಂದು ಫೋಲ್ಡರ್ ಮಾಡುತ್ತೇನೆ. ಅದರಲ್ಲಿ ಮೂಲ ಫೈಲ್, ಅದರ ಫಾಂಟ್, ಸರಿಯಾಗಿ ಕಾಣುವ ಕಂಪ್ಯೂಟರ್‌ನಲ್ಲಿ ತೆಗೆದ ಪಿಡಿಎಫ್, ಎನ್‌ಎಫ್‌ಸಿ ಮಾಡಿದ ಯೂನಿಕೋಡ್ ಪಠ್ಯ, ಯಾವ ಪರಿವರ್ತಕ ಯಾವ ದಿನ ಬಳಸಿದೆ ಎಂದು ನಾಲ್ಕು ಸಾಲಿನ ಟಿಪ್ಪಣಿ. ಫೋಲ್ಡರ್ ಹೆಸರು ಇಂಗ್ಲಿಷ್‌ನಲ್ಲಿ. ಎಲ್ಲ ಸೇರಿಸಿ ಜಿಪ್ ಮಾಡಿ ಎರಡು ಕಡೆ ಇಡುತ್ತೇನೆ, ಒಂದು ನನ್ನ ಹತ್ತಿರ, ಒಂದು ಫೈಲ್ ತಂದವರ ಮನೆಯಲ್ಲಿ.